ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಸ್ಪ್ರಾಕೆಟ್ ಬದಲಿಸಿದ ಮೇಲೆ ಕಾಣುವ ದೋಷಗಳ ಪತ್ತೆ

ಮುಂದಿನ ಸ್ಪ್ರಾಕೆಟ್‌ನಲ್ಲಿ (ಎಂಜಿನ್ ಕಡೆ ಚೈನನ್ನು ಎಳೆಯುವ ಹಲ್ಲಿನ ಚಕ್ರದಲ್ಲಿ) ಒಂದು ಹಲ್ಲು ಕಡಿಮೆ ಮಾಡಿಸಿಕೊಂಡು ಬಂದ ಮರುದಿನ ಬೆಳಿಗ್ಗೆ, ಬೆಂಗಳೂರಿನ ಹನುಮಂತನಗರದ ಏರಿನಲ್ಲಿ ನನ್ನ 150 ಸಿಸಿ ಬೈಕ್ ಹಿಂದಿಗಿಂತಲೂ ಹೆಚ್ಚು ಏದುಸಿರು ಬಿಟ್ಟಿತು. ಪಿಕಪ್ ಹೆಚ್ಚಲಿ ಎಂದೇ ಮಾಡಿಸಿದ ಕೆಲಸ. ಎರಡನೇ ಗೇರ್‌ನಲ್ಲಿ ಸಲೀಸಾಗಿ ಹತ್ತಬೇಕಾಗಿದ್ದ ಬೈಕ್ ಅರ್ಧ ದಾರಿಯಲ್ಲೇ ಮೊದಲನೇ ಗೇರ್ ಬೇಡಿತು. ಹಿಂದೆ ಕುಳಿತಿದ್ದ ಹೆಂಡತಿ, "ದುಡ್ಡು ಕೊಟ್ಟು ಮಾಡಿಸಿದ್ದು ಇದನ್ನೇನಾ?" ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರ ಸಿಗಲು ಎರಡು ವಾರ ಬೇಕಾಯಿತು. ಆ ಎರಡು ವಾರಗಳಲ್ಲಿ ಹಲ್ಲಿನ ಸಂಖ್ಯೆಯನ್ನು ಬೈದೆ, ಸ್ಪ್ರಾಕೆಟ್ ಮಾರಿದ ಅಂಗಡಿಯನ್ನು ಬೈದೆ, ಪೆಟ್ರೋಲನ್ನೂ ಬೈದೆ. ತಪ್ಪು ಇವು ಯಾವುದರದ್ದೂ ಆಗಿರಲಿಲ್ಲ. ಸ್ಪ್ರಾಕೆಟ್ ಬದಲಿಸಿದ ಮೇಲೆ ಬರುವ ದೂರುಗಳಲ್ಲಿ ಹೆಚ್ಚಿನವು ಹಲ್ಲಿನ ಲೆಕ್ಕದಿಂದ ಬಂದವಲ್ಲ; ಆ ಕೆಲಸಕ್ಕಾಗಿ ಹಿಂದಿನ ಚಕ್ರವನ್ನು ಸಡಿಲಿಸಿ ಮತ್ತೆ ಬಿಗಿದ ರೀತಿಯಿಂದ ಬಂದವು. ಯಾವುದು ಲೆಕ್ಕದ ಫಲ, ಯಾವುದು ಜೋಡಣೆಯ ದೋಷ ಎಂದು ಬೇರ್ಪಡಿಸುವುದು ಹೇಗೆ ಎಂಬುದೇ ಈ ಬರಹದ ವಿಷಯ.

ಮೊದಲು ಭಾಗಾಕಾರ

ಹಿಂದಿನ ಸ್ಪ್ರಾಕೆಟ್‌ನ ಹಲ್ಲುಗಳನ್ನು ಮುಂದಿನದರ ಹಲ್ಲುಗಳಿಂದ ಭಾಗಿಸಿ. ನನ್ನ ಬೈಕಿನಲ್ಲಿ ಹಿಂದೆ 45, ಮುಂದೆ 15, ಅನುಪಾತ 3. ಎಂಜಿನ್ ಕಡೆಯ ಸ್ಪ್ರಾಕೆಟ್ ಮೂರು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಮುಂದೆ 14 ಹಾಕಿದರೆ 45 ಭಾಗಿಸು 14, ಅಂದರೆ 3.21. ವ್ಯತ್ಯಾಸ ಶೇ 7ಕ್ಕಿಂತ ಸ್ವಲ್ಪ ಹೆಚ್ಚು. ಇಷ್ಟೇ ಫಲವನ್ನು ಹಿಂದಿನಿಂದ ಪಡೆಯಬೇಕಾದರೆ 45ರ ಬದಲು 48 ಹಲ್ಲು ಬೇಕು, ಅನುಪಾತ 3.2. ಮುಂದೆ ಒಂದು ಹಲ್ಲು ಕಳೆಯುವುದು, ಹಿಂದೆ ಮೂರು ಹಲ್ಲು ಸೇರಿಸುವುದು ಹೆಚ್ಚುಕಡಿಮೆ ಒಂದೇ ಎಂದು ಮೆಕ್ಯಾನಿಕ್‌ಗಳು ಹೇಳುವುದರ ಹಿಂದಿರುವ ಲೆಕ್ಕ ಇದು. ಆಸೆಗೆ ಬಿದ್ದು ಮುಂದೆ 13ಕ್ಕೆ ಇಳಿದರೆ ಬದಲಾವಣೆ ಶೇ 15 ದಾಟುತ್ತದೆ. ದಾರಿಯಲ್ಲಿ ಓಡುವ ಬೈಕಿಗೆ ಅದು ಅತಿಯಾಯಿತು ಎಂದೇ ನನ್ನ ಅಭಿಪ್ರಾಯ.

ಈ ಶೇ 7 ಎಲ್ಲಿಂದ ಬಂತು ಎಂಬುದನ್ನು ಮರೆಯಬಾರದು. ಎಂಜಿನ್‌ನ ಶಕ್ತಿ ಒಂದು ಗುಲಗಂಜಿಯಷ್ಟೂ ಹೆಚ್ಚಿಲ್ಲ. ಅದೇ ಗೇರ್‌ನಲ್ಲಿ ಹಿಂದಿನ ಚಕ್ರವನ್ನು ನೂಕುವ ಬಲ ಶೇ 7ರಷ್ಟು ಏರಿತು; ಅದಕ್ಕೆ ಪ್ರತಿಯಾಗಿ ಪ್ರತಿ ಗೇರ್ ಶೇ 7ರಷ್ಟು ಬೇಗ ಮುಗಿದುಹೋಗುತ್ತದೆ. ವಾಹನಗಳು ಕಿಕ್ಕಿರಿದ ಸಿಲ್ಕ್ ಬೋರ್ಡ್ ಜಂಕ್ಷನ್‌ನಂಥ ಜಾಗದಲ್ಲಿ ಇದರಿಂದ ಏನಾಗುತ್ತದೆ ಎಂದು ಕೂತು ಲೆಕ್ಕ ಹಾಕಿದ್ದೇನೆ: ಮೊದಲನೇ ಗೇರ್‌ನಲ್ಲಿ ಆಕ್ಸಿಲರೇಟರ್ ಮುಟ್ಟದೆ ತೆವಳುವ ವೇಗ ಗಂಟೆಗೆ ಸುಮಾರು 5.3 ಕಿಲೋಮೀಟರ್ ಇದ್ದದ್ದು 5ಕ್ಕೆ ಇಳಿಯುತ್ತದೆ. ಪಕ್ಕದಲ್ಲಿ ನಡೆದು ಹೋಗುವವರ ಜೊತೆ ಮಾತನಾಡಿಕೊಂಡು ಹೋಗಲು ಇದು ಹೇಳಿ ಮಾಡಿಸಿದ ವೇಗ. ಹಾಫ್ ಕ್ಲಚ್ ಹಿಡಿಯುವುದು ತುಸು ಕಡಿಮೆಯಾಗುತ್ತದೆ ಎಂಬುದು ಮಾತ್ರ ನಿಜವಾದ ಲಾಭ.

ಇನ್ನೊಂದು ಸಂಗತಿ ಬೆಂಗಳೂರಿನವರು ತಿಳಿದಿರಬೇಕಾದದ್ದು. ಈ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಶೇ 8ರಿಂದ 10ರಷ್ಟು ತೆಳು. ಟರ್ಬೊ ಇಲ್ಲದ ಎಂಜಿನ್ ಒಂದು ಉಸಿರಿಗೆ ಒಳಗೆ ಎಳೆದುಕೊಳ್ಳುವ ಗಾಳಿ ಅಷ್ಟರ ಮಟ್ಟಿಗೆ ಕಡಿಮೆ. ಫ್ಯೂಯಲ್ ಇಂಜೆಕ್ಷನ್ ಪೆಟ್ರೋಲಿನ ಪ್ರಮಾಣವನ್ನು ಹೊಂದಿಸಬಹುದೇ ಹೊರತು ಇಲ್ಲದ ಗಾಳಿಯನ್ನು ತಂದುಕೊಡಲಾರದು. ಮಂಗಳೂರಿನಲ್ಲಿ ಓಡಿಸಿದ ಬೈಕ್ ಇಲ್ಲಿಗೆ ತಂದ ಮೇಲೆ ಮಂಕಾಯಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. 1,478 ಮೀಟರ್ ಎತ್ತರದ ನಂದಿ ಬೆಟ್ಟದ ತುದಿಗೆ ಹೋದರೆ ಇನ್ನೂ ಮಂಕಾಗುತ್ತದೆ. ಇದು ದೋಷವಲ್ಲ, ಹುಡುಕಿ ಹೊರಟರೆ ಏನೂ ಸಿಗುವುದಿಲ್ಲ.

ಬದಲಿಸುವ ಮೊದಲೇ ಬರೆದಿಟ್ಟುಕೊಳ್ಳಬೇಕಾದ ಸಂಖ್ಯೆ

ನಾನು ಇದನ್ನು ಬರೆದಿಟ್ಟುಕೊಂಡಿರಲಿಲ್ಲ. ಬರೆದಿದ್ದರೆ ಎರಡು ವಾರ ಉಳಿಯುತ್ತಿತ್ತು.

ಟಾಪ್ ಗೇರ್‌ನಲ್ಲಿ, ಸಮತಟ್ಟಾದ ರಸ್ತೆಯಲ್ಲಿ, ಒಂದೇ ವೇಗದಲ್ಲಿ ಓಡುತ್ತಿರುವಾಗ ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು, ಎಷ್ಟಿದೆ ನೋಡಿ. ಅದನ್ನು ವೇಗದಿಂದ ಭಾಗಿಸಿ. ಬರುವ ಸಂಖ್ಯೆ ನಿಮ್ಮ ಬೈಕಿನ ಜಾತಕ. ಗಂಟೆಗೆ 60 ಕಿಲೋಮೀಟರ್ ಎಂದರೆ ನಿಮಿಷಕ್ಕೆ ಸರಿಯಾಗಿ 1,000 ಮೀಟರ್. ನನ್ನ ಹಿಂದಿನ ಟೈರಿನ ಸುತ್ತಳತೆ ಸುಮಾರು 1.9 ಮೀಟರ್, ಆದ್ದರಿಂದ ಚಕ್ರ ನಿಮಿಷಕ್ಕೆ 526 ಸುತ್ತು ತಿರುಗುತ್ತದೆ. ಎಂಜಿನ್ ಒಳಗಿನ ಪ್ರೈಮರಿ (ಎಂಜಿನ್‌ನಿಂದ ಕ್ಲಚ್‌ಗೆ ಬಲ ತರುವ ಗೇರ್ ಜೋಡಿ) ಮತ್ತು ಟಾಪ್ ಗೇರ್‌ನ ಅನುಪಾತ ಗುಣಿಸಿದರೆ ಸುಮಾರು 3.2, ಅದರ ಮೇಲೆ ಸ್ಪ್ರಾಕೆಟ್‌ನ 3. ಎಲ್ಲವನ್ನೂ ಗುಣಿಸಿದರೆ 5,050 ಆರ್‌ಪಿಎಂ. 60ರಿಂದ ಭಾಗಿಸಿದರೆ 84. ಮುಂದೆ 14 ಹಲ್ಲು ಹಾಕಿದ ಮೇಲೆ ಅದೇ ವೇಗಕ್ಕೆ 5,410, ಭಾಗಲಬ್ಧ 90.

ನಿಮ್ಮ ಬೈಕಿನ ಸಂಖ್ಯೆ ಬೇರೆ ಇರುತ್ತದೆ. ಅದರಿಂದ ತೊಂದರೆಯಿಲ್ಲ. ಮೊದಲಿನದು ಮತ್ತು ನಂತರದ್ದು, ಈ ಎರಡರ ನಡುವಿನ ಹೆಚ್ಚಳ ಹಲ್ಲಿನ ಲೆಕ್ಕಕ್ಕೆ ತಾಳೆಯಾಗಬೇಕು, ಅಷ್ಟೇ. ಸ್ಪೀಡೋಮೀಟರ್ ಸಾಮಾನ್ಯವಾಗಿ ಸ್ವಲ್ಪ ಹೆಚ್ಚು ತೋರಿಸುವ ಸ್ವಭಾವದ್ದು, ಆದ್ದರಿಂದ ವೇಗವನ್ನು ಮೊಬೈಲ್‌ನ ಜಿಪಿಎಸ್‌ನಿಂದ ತೆಗೆದುಕೊಳ್ಳಿ. ಓದುವ ಕೆಲಸ ಹಿಂಬದಿ ಸವಾರರದ್ದು, ಓಡಿಸುವವರದ್ದಲ್ಲ. ನಾನು ಇದಕ್ಕೆ ಭಾನುವಾರ ಬೆಳಿಗ್ಗೆ ನೈಸ್ ರಸ್ತೆಗೆ ಹೋಗಿದ್ದೆ. ಟೋಲ್ ಕೊಡಬೇಕು, ಆದರೆ ಒಂದೇ ವೇಗದಲ್ಲಿ ಎರಡು ನಿಮಿಷ ಓಡಿಸಲು ನಗರದೊಳಗೆ ಬೇರೆ ಎಲ್ಲಿ ಜಾಗವಿದೆ? ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ.

ಸ್ಪ್ರಾಕೆಟ್ ಬದಲಿಸಿದ ಮೇಲೂ ಭಾಗಲಬ್ಧ ಮೊದಲಿನಷ್ಟೇ ಇದ್ದರೆ, ಬೈಕಿನಲ್ಲಿ ಇರುವುದು ನೀವು ಅಂದುಕೊಂಡ ಸ್ಪ್ರಾಕೆಟ್ ಅಲ್ಲ. ಜೆ.ಸಿ. ರಸ್ತೆಯಲ್ಲಿ ಸ್ಪ್ರಾಕೆಟ್ ಕೊಂಡಾಗ ಡಬ್ಬಿಯ ಮೇಲಿನ ಸಂಖ್ಯೆಯನ್ನು ನಂಬಬೇಡಿ. ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ ಅಲ್ಲಿಂದ ಸುತ್ತ ಎಣಿಸಿ. ಅಂಗಡಿಯವರು ನಗುತ್ತಾರೆ. ನಗಲಿ.

ಪಿಕಪ್ ಬರಲೇ ಇಲ್ಲ, ಅಥವಾ ಇದ್ದದ್ದೂ ಹೋಯಿತು

ನನ್ನದು ಇದೇ ದೂರು. ನೈಸ್ ರಸ್ತೆಯಲ್ಲಿ ನೋಡಿದಾಗ ಭಾಗಲಬ್ಧ 90ರ ಆಸುಪಾಸಿನಲ್ಲೇ ಇತ್ತು. ಹಲ್ಲು ಸರಿ, ಲೆಕ್ಕ ಸರಿ. ಹಾಗಿದ್ದರೆ ಎಂಜಿನ್ ಕೊಟ್ಟ ಬಲವನ್ನು ನಡುದಾರಿಯಲ್ಲಿ ಯಾರೋ ಕದಿಯುತ್ತಿದ್ದಾರೆ ಎಂದಾಯಿತು.

ಬೈಕನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರವನ್ನು ಕೈಯಿಂದ ಜೋರಾಗಿ ತಿರುಗಿಸಿದೆ. ಕೆಲವು ಸುತ್ತಾದರೂ ತಾನೇ ತಿರುಗಬೇಕಿದ್ದ ಚಕ್ರ ಅರ್ಧ ಸುತ್ತಿಗೆ ನಿಂತಿತು. ಕಳ್ಳ ಎಂಜಿನ್ ಬಳಿ ಇಲ್ಲ, ಇಲ್ಲೇ ಇದ್ದಾನೆ ಎಂದು ಗೊತ್ತಾಯಿತು.

ಶಂಕಿತರು ಮೂವರು: ಬ್ರೇಕ್, ಚೈನ್, ಬೇರಿಂಗ್. ಮೂರನ್ನೂ ಒಟ್ಟಿಗೆ ಬಿಚ್ಚಿದರೆ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ. ಒಂದೊಂದಾಗಿ ಹೋಗಬೇಕು. ಮೊದಲು ಹಿಂದಿನ ಡ್ರಮ್ ಬ್ರೇಕ್‌ನ ರಾಡ್ ತುದಿಯಲ್ಲಿರುವ ನಟ್ ಅನ್ನು ಪೂರ್ತಿ ಸಡಿಲಿಸಿ ಚಕ್ರ ತಿರುಗಿಸಿ ನೋಡಿ. ಸರಾಗವಾಗಿ ತಿರುಗಿದರೆ ಬ್ರೇಕ್ ಅಪರಾಧಿ. ಇಲ್ಲದಿದ್ದರೆ ಆಕ್ಸಲ್ ಸಡಿಲಿಸಿ ಚೈನ್‌ನ ಬಿಗಿ ಇಳಿಸಿ ಮತ್ತೆ ತಿರುಗಿಸಿ. ಆಗಲೂ ಹಿಡಿದರೆ ಬೇರಿಂಗ್, ಅಥವಾ ಆಕ್ಸಲ್ ಮೇಲಿನ ಬುಷ್ ಹಿಂದುಮುಂದಾಗಿ ಕೂತಿದೆ.

ನನ್ನ ಬೈಕಿನಲ್ಲಿ ನಟ್ ನಾಲ್ಕು ಸುತ್ತು ಬಿಚ್ಚುತ್ತಿದ್ದಂತೆ ಚಕ್ರ ಬಿಡುಗಡೆಯಾಯಿತು.

ಕಾರಣ ಇದು. ಮುಂದಿನ ಸ್ಪ್ರಾಕೆಟ್ ಚಿಕ್ಕದಾದರೆ ಚೈನ್ ಜೋತು ಬೀಳುತ್ತದೆ. ಅದನ್ನು ಎಳೆದು ಸರಿಪಡಿಸಲು ಚಕ್ರವನ್ನು ಹಿಂದಕ್ಕೆ ಸರಿಸುತ್ತಾರೆ. ಒಂದು ಹಲ್ಲಿಗೆ ಚಕ್ರ ಹಿಂದೆ ಹೋಗುವುದು ಚೈನ್ ಪಿಚ್‌ನ, ಅಂದರೆ ಒಂದು ಪಿನ್‌ನಿಂದ ಮುಂದಿನ ಪಿನ್‌ಗೆ ಇರುವ ದೂರದ, ಕಾಲು ಭಾಗ. ನಮ್ಮ 428 ಅಳತೆಯ ಚೈನ್‌ಗೆ ಸುಮಾರು 3 ಮಿಲಿಮೀಟರ್. ಜೊತೆಗೆ ಹಳೆಯ ಸಡಿಲವನ್ನೂ ಎಳೆದರೆ ಇನ್ನಷ್ಟು. ಬ್ರೇಕ್ ಪೆಡಲ್ ಇರುವುದು ಚಾಸಿಸ್ ಮೇಲೆ, ಅದು ಸರಿಯುವುದಿಲ್ಲ. ಡ್ರಮ್ ಮಾತ್ರ ಹಿಂದೆ ಹೋಗುತ್ತದೆ. ನಡುವಿನ ರಾಡ್ ಉದ್ದ ಬದಲಾಗದ ಕಬ್ಬಿಣ. ಆದ್ದರಿಂದ ಪೆಡಲ್ ಮೇಲೆ ಕಾಲಿಡದೆಯೇ ಬ್ರೇಕ್ ಹಿಡಿದಂತಾಗುತ್ತದೆ. ಪೆಡಲ್ ಒತ್ತಿದಾಗ ಆರಂಭದಲ್ಲಿ ಇರಬೇಕಾದ ಬಿಡುವು, ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್, ಪೂರ್ತಿ ಮಾಯವಾಗಿತ್ತು. ಬ್ರೇಕ್ ಚೆನ್ನಾಗಿ ಹಿಡಿಯುತ್ತಿದೆ ಎಂದು ನಾನು ಅದನ್ನು ಮೆಚ್ಚಿಕೊಂಡಿದ್ದೆ!

ಇದನ್ನು ಖಚಿತಪಡಿಸಿಕೊಳ್ಳುವ ಇನ್ನೊಂದು ದಾರಿ: ನಾಲ್ಕೈದು ಕಿಲೋಮೀಟರ್ ಹಿಂದಿನ ಬ್ರೇಕ್ ಬಳಸದೆ ಓಡಿಸಿ ನಿಲ್ಲಿಸಿ, ಡ್ರಮ್ ಬಳಿ ಅಂಗೈ ತನ್ನಿ. ಮುಟ್ಟುವ ಮೊದಲೇ ಬಿಸಿ ತಾಗಿದರೆ ಬ್ರೇಕ್ ಉಜ್ಜುತ್ತಿದೆ. ಹಿಂದೆ ಡಿಸ್ಕ್ ಬ್ರೇಕ್ ಇರುವ ಬೈಕ್‌ಗಳಲ್ಲಿ ಈ ತೊಂದರೆ ಬರುವುದಿಲ್ಲ. ಅಲ್ಲಿ ಕ್ಯಾಲಿಪರ್ ಆಕ್ಸಲ್ ಜೊತೆಗೇ ಸರಿಯುತ್ತದೆ.

ಮೆಕ್ಯಾನಿಕ್ ಬಳಿ ಹೋಗಿ ಹೇಳಿದೆ. "ಚೈನ್ ಟೈಟ್ ಮಾಡಿದಾಗ ಬ್ರೇಕ್ ಕೂಡ ನೋಡಬೇಕಲ್ಲವೇ ಅಣ್ಣ?" ಎಂದರೆ, "ಸಾರ್, ನೀವು ಚೈನ್ ಎಂದಿರಿ, ಬ್ರೇಕ್ ಎನ್ನಲಿಲ್ಲ" ಎಂದರು. ಆ ಮಾತಿನಲ್ಲಿ ಒಂದು ಬಗೆಯ ನ್ಯಾಯವಿದೆ ಎಂದು ಒಪ್ಪಿಕೊಂಡು ಹಿಂತಿರುಗಿದೆ.

ಕೆಲಸದ ಸರಿಯಾದ ಕ್ರಮ ಹೀಗಿದೆ: ಮೊದಲು ಬ್ರೇಕ್ ರಾಡ್‌ನ ನಟ್ ಸಡಿಲಿಸುವುದು, ಆಮೇಲೆ ಆಕ್ಸಲ್ ನಟ್, ಆಮೇಲೆ ಎರಡೂ ಬದಿಯ ಅಡ್ಜಸ್ಟರ್‌ಗಳನ್ನು ಸಮನಾಗಿ ತಿರುಗಿಸುವುದು, ಆಕ್ಸಲ್ ಬಿಗಿಯುವುದು, ಚೈನ್ ಬಿಗಿಯನ್ನು ಮತ್ತೊಮ್ಮೆ ಅಳೆಯುವುದು, ಕೊನೆಗೆ ಪೆಡಲ್‌ನ ಬಿಡುವನ್ನು ಹೊಸದಾಗಿ ಹೊಂದಿಸುವುದು. ಆಕ್ಸಲ್ ಬಿಗಿಯುವಾಗ ಚೈನ್ ತುಸು ಬಿಗಿಯಾಗುವುದು ಸಹಜ, ಅದಕ್ಕೇ ಎರಡನೇ ಅಳತೆ.

ಆರ್‌ಪಿಎಂ ಏರುತ್ತದೆ, ಬೈಕ್ ಏರುವುದಿಲ್ಲ

"ಎಂಜಿನ್ ಕೂಗುತ್ತದೆ, ಬೈಕ್ ಹೋಗುವುದಿಲ್ಲ" ಎಂಬ ದೂರು ಎರಡು ಬೇರೆ ಬೇರೆ ಕಾಯಿಲೆಗಳಿಗೆ ಒಂದೇ ಹೆಸರು. ಸ್ಪ್ರಾಕೆಟ್ ಚಿಕ್ಕದು ಮಾಡಿದ ಮೇಲೆ ಎಂಜಿನ್ ಹೆಚ್ಚು ಕೂಗುವುದು ಸಹಜ. ಕ್ಲಚ್ ಜಾರಿದರೂ ಕೂಗುತ್ತದೆ. ಬೇರ್ಪಡಿಸಲು ಮತ್ತೆ ಅದೇ ಭಾಗಲಬ್ಧ. ಟಾಪ್ ಗೇರ್‌ನಲ್ಲಿ 40ರಲ್ಲಿ ಒಮ್ಮೆ, 50ರಲ್ಲಿ ಒಮ್ಮೆ, 60ರಲ್ಲಿ ಒಮ್ಮೆ ನೋಡಿ. ಮೂರೂ ಕಡೆ ಒಂದೇ ಸಂಖ್ಯೆ ಬಂದರೆ ಅದು ಗೇರಿಂಗ್, ಕಾಯಿಲೆಯಲ್ಲ. ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ ಮಾತ್ರ ಸಂಖ್ಯೆ 90ರಿಂದ 100, 110ಕ್ಕೆ ಜಿಗಿದರೆ ಕ್ಲಚ್ ಜಾರುತ್ತಿದೆ. ಹಲ್ಲುಗಳು ಏರು ಬಂತೆಂದು ತಮ್ಮ ಸಂಖ್ಯೆಯನ್ನು ಬದಲಿಸಿಕೊಳ್ಳುವುದಿಲ್ಲ.

ಕ್ಲಚ್ ಜಾರಿದರೆ ಅದಕ್ಕೂ ಸ್ಪ್ರಾಕೆಟ್ ಕಾರಣವಲ್ಲ. ಅನುಪಾತ ಹೆಚ್ಚಿದಾಗ ನಿಂತಲ್ಲಿಂದ ಹೊರಡುವುದು ಸುಲಭವಾಗಿ ಕ್ಲಚ್‌ಗೆ ಆಗುವ ಶ್ರಮ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ಕೇಬಲ್‌ನ ಬಿಡುವು ನೋಡಿ. ಅದು ಸರಿಯಿದ್ದರೆ ಎಂಜಿನ್ ಆಯಿಲ್ ಯಾವುದು ಎಂದು ವಿಚಾರಿಸಿ. ಎಣ್ಣೆಯಲ್ಲೇ ಮುಳುಗಿರುವ ಕ್ಲಚ್‌ಗೆ ಜಾಸೊ (ಜಪಾನಿನ ವಾಹನ ಮಾನದಂಡ) ಎಂಎ ಅಥವಾ ಎಂಎ2 ಗುರುತಿನ ಎಣ್ಣೆ ಬೇಕು; ಕಾರಿನ ಎಣ್ಣೆ ಉಳಿದಿತ್ತೆಂದು ಸುರಿದವರನ್ನು ನಾನು ಬಲ್ಲೆ. ಆ ಪಟ್ಟಿಯಲ್ಲಿ ನನ್ನ ತಮ್ಮನೂ ಇದ್ದಾನೆ.

ಸದ್ದನ್ನು ಎಣಿಸುವುದು

ಚೈನ್‌ನ ಸದ್ದು ಕೇಳಿ ಹೆದರುವ ಬದಲು ಅದನ್ನು ಎಣಿಸಬೇಕು. ಸದ್ದು ಎಷ್ಟು ದೂರಕ್ಕೊಮ್ಮೆ ಮರುಕಳಿಸುತ್ತದೆ ಎಂಬುದೇ ಎಲ್ಲಿಂದ ಬರುತ್ತಿದೆ ಎಂದು ಹೇಳಿಬಿಡುತ್ತದೆ.

ಟೈರಿನ ಮೇಲೆ ಸೀಮೆಸುಣ್ಣದಿಂದ ಒಂದು ಗುರುತು ಹಾಕಿ. ಎಂಜಿನ್ ಆರಿಸಿ, ಮನೆಯ ಮುಂದಿನ ರಸ್ತೆಯಲ್ಲಿ ಬೈಕನ್ನು ನಿಧಾನವಾಗಿ ತಳ್ಳುತ್ತಾ ಹೋಗಿ. ಗುರುತು ಒಮ್ಮೆ ಕೆಳಗೆ ಬಂದಾಗಲೆಲ್ಲ ಒಮ್ಮೆ ಸದ್ದಾದರೆ, ಅಂದರೆ ಚಕ್ರದ ಸುತ್ತಿಗೊಂದು, ದೋಷ ಹಿಂದಿನ ಸ್ಪ್ರಾಕೆಟ್‌ನಲ್ಲಿದೆ: ಸೊಟ್ಟಗಾಗಿದೆ, ಅಥವಾ ಒಂದು ಬೋಲ್ಟ್ ಸಡಿಲವಾಗಿ ವಾರೆ ಕೂತಿದೆ. ಚಕ್ರದ ಒಂದೇ ಸುತ್ತಿನಲ್ಲಿ ಸುಮಾರು ಮೂರು ಬಾರಿ ಸದ್ದಾದರೆ ಮುಂದಿನ ಸ್ಪ್ರಾಕೆಟ್, ಏಕೆಂದರೆ ಅದು ಸುಮಾರು ಮೂರು ಪಟ್ಟು ವೇಗವಾಗಿ ತಿರುಗುತ್ತದೆ. ಎರಡೂ ಅಲ್ಲದೆ ಸುಮಾರು ಎರಡೂಮುಕ್ಕಾಲು ಸುತ್ತಿಗೊಮ್ಮೆ ಬಂದರೆ ಚೈನ್‌ನಲ್ಲೇ ದೋಷ. ನನ್ನ ಚೈನ್‌ನಲ್ಲಿ 122 ಕೊಂಡಿಗಳಿವೆ. 122ನ್ನು 45ರಿಂದ ಭಾಗಿಸಿದರೆ 2.7. ಚೈನ್ ಒಂದು ಪೂರ್ತಿ ಸುತ್ತು ಬರಲು ಚಕ್ರ ಅಷ್ಟು ತಿರುಗಬೇಕು. ಯಾವುದೋ ಒಂದು ಕೊಂಡಿ ತುಕ್ಕು ಹಿಡಿದು ಬಾಗುತ್ತಿಲ್ಲ, ಅಥವಾ ಚೈನ್‌ನ ಎರಡು ತುದಿಗಳನ್ನು ಜೋಡಿಸುವ ಲಾಕ್ ಚೈನ್ ಕವರ್‌ಗೆ ತಾಗುತ್ತಿದೆ ಎಂದು ಅರ್ಥ. ಲಾಕ್ ಹಾಕಿರುವ ದಿಕ್ಕನ್ನೂ ಆಗಲೇ ನೋಡಿಬಿಡಿ: ಮುಚ್ಚಿದ ಬದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ತಿರುಗಾಮುರುಗಾ ಹಾಕಿದ ಲಾಕ್ ಏನಕ್ಕಾದರೂ ತಗುಲಿ ಹಾರಿಹೋದರೆ ಚೈನ್ ರಸ್ತೆಯ ಮೇಲಿರುತ್ತದೆ.

ಯಾವ ತಾಳವೂ ಇಲ್ಲದೆ ಒಂದೇ ಸಮನೆ ಕರಕರ ಎನ್ನುತ್ತಿದ್ದರೆ ಚೈನ್ ನೇರವಾಗಿಲ್ಲ. ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಮೇಲಿನ ಅಡ್ಜಸ್ಟರ್ ಗೆರೆಗಳನ್ನು ನೋಡಿ ಚಕ್ರ ನೇರವಿದೆ ಎಂದು ನಂಬುವವರು ಬಹಳ. ಆ ಗೆರೆಗಳು ಎರಡೂ ಬದಿ ಒಂದೇ ಜಾಗದಲ್ಲಿರುತ್ತವೆ ಎಂಬುದಕ್ಕೆ ಖಾತ್ರಿಯಿಲ್ಲ. ಸ್ವಿಂಗ್ ಆರ್ಮ್‌ನ ಪಿವೋಟ್ (ಅದು ಆಡುವ ಕೀಲು) ಬೋಲ್ಟ್‌ನಿಂದ ಆಕ್ಸಲ್‌ವರೆಗೆ ಎರಡೂ ಬದಿ ಟೇಪ್ ಹಿಡಿದು ಅಳೆಯಿರಿ. ಅಥವಾ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು ಒಂದು ಕಣ್ಣು ಮುಚ್ಚಿ ಚೈನ್‌ನ ಮೇಲ್ಭಾಗವನ್ನು ಬಂದೂಕಿನ ನಳಿಗೆಯಂತೆ ನೋಡಿ. ಹಿಂದಿನ ಸ್ಪ್ರಾಕೆಟ್ ಬಿಟ್ಟ ಕೂಡಲೇ ಚೈನ್ ಒಂದು ಕಡೆಗೆ ಮುರಿದಂತೆ ಕಂಡರೆ ಚಕ್ರ ಓರೆ.

ಅಳತೆ ಸರಿಯಿದ್ದೂ ಚೈನ್ ಓರೆ ಕಂಡರೆ ಮುಂದಿನ ಸ್ಪ್ರಾಕೆಟ್ ತಿರುಗಿಸಿ ಹಾಕಿದ್ದಾರೆಯೇ ನೋಡಿ. ಅನೇಕ ಸ್ಪ್ರಾಕೆಟ್‌ಗಳಲ್ಲಿ ಒಂದು ಬದಿಗೆ ಉಬ್ಬು ಇರುತ್ತದೆ. ಅದು ಒಳಗೆ ಹೋಗಬೇಕಾದದ್ದು ಹೊರಗೆ ಬಂದರೆ ಹಲ್ಲಿನ ಸಾಲು ಕೆಲವು ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಹಲ್ಲಿನ ಒಂದೇ ಪಕ್ಕ ಹೊಳೆಯುತ್ತಿದ್ದರೆ ಅದೇ ಸಾಕ್ಷಿ.

ಹೊಸ ಸ್ಪ್ರಾಕೆಟ್, ಹಳೆಯ ಚೈನ್. ದುಡ್ಡು ಉಳಿಸಲು ಎಲ್ಲರೂ ಮಾಡುವ ಜೋಡಿ ಇದು, ನಾನೂ ಮಾಡಿದೆ. ಸವೆದ ಚೈನ್‌ನ ಪಿಚ್ ಹಿಗ್ಗಿರುತ್ತದೆ. ಹೊಸ ಹಲ್ಲುಗಳ ನಡುವೆ ಸರಿಯಾಗಿ ಕೂರದೆ ಮೇಲೇರಿ ಕೂರುತ್ತದೆ, ಸದ್ದು ಮಾಡುತ್ತದೆ, ಹೊಸ ಹಲ್ಲನ್ನೂ ಬೇಗ ತಿನ್ನುತ್ತದೆ. ಊಹಿಸುವುದು ಬೇಡ, ಅಳೆಯಬಹುದು. ಚೈನ್ ಬಿಗಿಯಾಗಿ ಎಳೆದು ಹಿಡಿದು, ಒಂದು ಪಿನ್‌ನ ನಡುವಿನಿಂದ ಎಣಿಸಿ 21ನೇ ಪಿನ್‌ನ ನಡುವಿನವರೆಗೆ, ಅಂದರೆ 20 ಕೊಂಡಿಗಳ ಉದ್ದ ನೋಡಿ. 428 ಚೈನ್ ಹೊಸದಾಗಿದ್ದಾಗ ಇದು 254 ಮಿಲಿಮೀಟರ್. 259 ಮುಟ್ಟಿದರೆ ಬದಲಿಸಬೇಕು. ದೊಡ್ಡ ಬೈಕ್‌ಗಳ 520 ಚೈನ್‌ಗೆ ಹೊಸದರಲ್ಲಿ 317.5, ಮಿತಿ ಸುಮಾರು 323. ಮೂರು ನಾಲ್ಕು ಜಾಗದಲ್ಲಿ ಅಳೆಯಿರಿ, ಎಲ್ಲ ಕಡೆ ಒಂದೇ ಸವೆತ ಇರುವುದಿಲ್ಲ. ಚೈನ್ ಸಂಖ್ಯೆ ಕೊಂಡಿಯ ಪಕ್ಕದಲ್ಲೇ ಕೆತ್ತಿರುತ್ತದೆ. ಕೊಳೆ ಒರೆಸಿದರೆ ಕಾಣುತ್ತದೆ. 428ರ ಚೈನ್‌ಗೆ 520ರ ಸ್ಪ್ರಾಕೆಟ್ ಕೂರುವುದೇ ಇಲ್ಲ. ಒಂದರ ಪಿಚ್ 12.7 ಮಿಲಿಮೀಟರ್, ಇನ್ನೊಂದರದ್ದು 15.875.

ಇಲ್ಲೊಂದು ಸಣ್ಣ ವಿಷಯ ನನಗೆ ಬಹಳ ಇಷ್ಟ. ಚೈನ್‌ನ ಕೊಂಡಿಗಳು ಸಾಮಾನ್ಯವಾಗಿ ಸರಿಸಂಖ್ಯೆಯಲ್ಲಿರುತ್ತವೆ, ಒಂದು ಒಳಗಿನದು, ಒಂದು ಹೊರಗಿನದು. ಸ್ಪ್ರಾಕೆಟ್‌ನಲ್ಲಿ 15 ಹಲ್ಲಿದ್ದರೆ ಪ್ರತಿ ಹಲ್ಲಿಗೂ ಒಮ್ಮೆ ಒಳಕೊಂಡಿ, ಮರುಸುತ್ತಿನಲ್ಲಿ ಹೊರಕೊಂಡಿ ಸಿಗುತ್ತದೆ. 14 ಹಲ್ಲಿದ್ದರೆ ಹಾಗಲ್ಲ. ಒಳಕೊಂಡಿ ಸಿಕ್ಕ ಹಲ್ಲಿಗೆ ಕೊನೆಯವರೆಗೂ ಒಳಕೊಂಡಿಯೇ ಗತಿ. ಆದ್ದರಿಂದ ಸವೆತ ಒಂದು ಹಲ್ಲು ಬಿಟ್ಟು ಒಂದರಲ್ಲಿ ಬೇರೆಯಾಗಿ ಕಾಣಬಹುದು. ನೋಡಿ ಗಾಬರಿಯಾಗಬೇಡಿ.

ಬಿಗಿ ಮತ್ತು ರಸ್ತೆ ಉಬ್ಬುಗಳು

ಕೆಲಸ ಮುಗಿದ ಮೇಲೆ ಚೈನ್ ವೀಣೆಯ ತಂತಿಯಂತೆ ಬಿಗಿಯಾಗಿದ್ದರೆ ಕೆಲವರಿಗೆ ಸಂತೋಷ. ಇದರಷ್ಟು ಅಪಾಯಕಾರಿ ಸಂತೋಷ ಇನ್ನೊಂದಿಲ್ಲ. ಹಿಂದಿನ ಚಕ್ರ ಮೇಲೆ ಕೆಳಗೆ ಆಡುವಾಗ ಆಕ್ಸಲ್ ಮತ್ತು ಮುಂದಿನ ಸ್ಪ್ರಾಕೆಟ್ ನಡುವಿನ ಅಂತರ ಬದಲಾಗುತ್ತಿರುತ್ತದೆ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಪಿವೋಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಯಲ್ಲಿ ಬಂದಾಗ ಚೈನ್ ಅತಿ ಬಿಗಿ. ಬೈಕ್ ಸ್ಟ್ಯಾಂಡ್ ಮೇಲಿರುವಾಗ ಆ ಸ್ಥಿತಿ ಇರುವುದಿಲ್ಲ. ಇಬ್ಬರು ಕುಳಿತು, ಪತ್ರಿಕೆಗಳು ಅವೈಜ್ಞಾನಿಕ ಎಂದು ಬರೆದೂ ಬರೆದೂ ಸುಸ್ತಾದ ನಮ್ಮ ರಸ್ತೆ ಉಬ್ಬುಗಳ ಮೇಲೆ ಹಾರಿದಾಗ ಬರುತ್ತದೆ. ಆಗ ಬಿಡುವಿಲ್ಲದ ಚೈನ್ ಗೇರ್‌ಬಾಕ್ಸ್‌ನ ಶಾಫ್ಟನ್ನೇ ಹಿಂದಕ್ಕೆ ಜಗ್ಗುತ್ತದೆ. ಕೆಲವು ತಿಂಗಳ ನಂತರ ಮುಂದಿನ ಸ್ಪ್ರಾಕೆಟ್ ಹಿಂದೆ ಎಣ್ಣೆ ಜಿನುಗುವುದು ಕಂಡರೆ, ಆಯಿಲ್ ಸೀಲ್ ಬದಲಿಸುವ ಮೊದಲು ಚೈನ್ ಬಿಗಿ ನೋಡಿ. ಬಿಗಿಯನ್ನು ಹಾಗೇ ಬಿಟ್ಟು ಸೀಲ್ ಬದಲಿಸಿದರೆ ಹೊಸ ಸೀಲೂ ಹೋಗುತ್ತದೆ, ಒಳಗಿನ ಬೇರಿಂಗ್ ಕೂಡ.

ಚಿಕ್ಕ ಬೈಕ್‌ಗಳಿಗೆ ಕೆಳಗಿನ ಚೈನ್ ನಡುವೆ ಸುಮಾರು 25ರಿಂದ 30 ಮಿಲಿಮೀಟರ್ ಆಡಬೇಕು ಎನ್ನುವುದು ಸಾಮಾನ್ಯ. ನಿಮ್ಮ ಬೈಕಿನ ಪುಸ್ತಕದಲ್ಲಿರುವುದೇ ಅಂತಿಮ. ಅಳೆಯುವಾಗ ಚಕ್ರ ತಿರುಗಿಸುತ್ತಾ ಅತಿ ಬಿಗಿ ಇರುವ ಜಾಗ ಹುಡುಕಿ ಅಲ್ಲಿ ಅಳೆಯಿರಿ, ಸಡಿಲ ಇರುವಲ್ಲಿ ಅಲ್ಲ.

ಆಕ್ಸಲ್‌ಗೆ ಜಾಗ ಸಾಲದಾದಾಗ

ಹಿಂದೆ 45ರ ಬದಲು 48 ಹಾಕಿದವರಿಗೆ ಈ ತೊಂದರೆ. ಹೊಸ ಮೂರು ಹಲ್ಲುಗಳಿಗೆ ಚೈನ್ ಹೆಚ್ಚು ಬೇಕು. ಚೈನ್ ಅಷ್ಟೇ ಇದ್ದರೆ ಚಕ್ರ ಸುಮಾರು 9.5 ಮಿಲಿಮೀಟರ್ ಮುಂದೆ ಬರಬೇಕು. ಟೈರ್ ಮಡ್‌ಗಾರ್ಡ್‌ಗೆ ಅಥವಾ ಸ್ವಿಂಗ್ ಆರ್ಮ್‌ಗೆ ಉಜ್ಜಬಹುದು. ಎರಡು ಕೊಂಡಿ ಸೇರಿಸಿದರೆ ಚಕ್ರ ಒಂದು ಪಿಚ್, 12.7 ಮಿಲಿಮೀಟರ್ ಹಿಂದಕ್ಕೆ ಹೋಗುತ್ತದೆ. ಒಂದೇ ಕೊಂಡಿ ಸೇರಿಸುವ ಅರ್ಧ ಕೊಂಡಿ ಸಿಗುತ್ತದೆಯಾದರೂ ಅದು ಚೈನ್‌ನ ಅತಿ ದುರ್ಬಲ ಜಾಗವಾಗುತ್ತದೆ, ನಾನಾದರೆ ಹಾಕುವುದಿಲ್ಲ. ಮುಂದೆ ಹಲ್ಲು ಹೆಚ್ಚಿಸಿದವರು ಸ್ಪ್ರಾಕೆಟ್ ಕವರ್ ಒಳಗೆ ಚೈನ್ ತಾಗುತ್ತಿದೆಯೇ ನೋಡಿ. ಕಡಿಮೆ ಮಾಡಿದವರು ಸ್ವಿಂಗ್ ಆರ್ಮ್ ಮೇಲಿನ ರಬ್ಬರ್ ಪಟ್ಟಿ ನೋಡಿ: 15ರಿಂದ 14ಕ್ಕೆ ಬಂದಾಗ ಸ್ಪ್ರಾಕೆಟ್‌ನ ತ್ರಿಜ್ಯ 2 ಮಿಲಿಮೀಟರ್ ಕಡಿಮೆಯಾಗುತ್ತದೆ, ಚೈನ್ ಆ ಪಟ್ಟಿಗೆ ಅಷ್ಟು ಹತ್ತಿರ ಬರುತ್ತದೆ.

ಮೀಟರ್ ಸುಳ್ಳು ಹೇಳಿದರೆ

ವೇಗವನ್ನು ಮುಂದಿನ ಚಕ್ರದಿಂದ ಓದುವ ಬೈಕ್‌ಗಳಲ್ಲಿ ಏನೂ ಬದಲಾಗುವುದಿಲ್ಲ. ಗೇರ್‌ಬಾಕ್ಸ್‌ನ ಶಾಫ್ಟ್‌ನಿಂದ ಓದುವ ಬೈಕ್‌ಗಳಲ್ಲಿ ಸ್ಪೀಡೋಮೀಟರ್ ಶೇ 7 ಹೆಚ್ಚು ತೋರಿಸುತ್ತದೆ, ಓಡೋಮೀಟರ್ ಕೂಡ. ಮೈಲೇಜ್ ಹೆಚ್ಚಿತು ಎಂದು ಹಿಗ್ಗುವ ಮೊದಲು ಇದನ್ನು ನೆನಪಿಡಿ. ಓಡದ ಕಿಲೋಮೀಟರ್‌ಗಳೂ ಲೆಕ್ಕಕ್ಕೆ ಸೇರಿರುತ್ತವೆ. ಗೇರ್ ಸಂಖ್ಯೆಯನ್ನು ವೇಗ ಮತ್ತು ಆರ್‌ಪಿಎಂ ತಾಳೆ ನೋಡಿ ತೋರಿಸುವ ಬೈಕ್‌ಗಳಲ್ಲಿ ಆ ಅಂಕಿ ತಪ್ಪಬಹುದು ಅಥವಾ ಮಿನುಗಬಹುದು. ಅದಕ್ಕೆ ಸೆನ್ಸರ್ ಬದಲಿಸಬೇಡಿ.

ಹೊಸ ನಡುಕ

ಪ್ರತಿ ಎಂಜಿನ್‌ಗೂ ಒಂದು ಆರ್‌ಪಿಎಂನಲ್ಲಿ ನಡುಗುವ ಅಭ್ಯಾಸ ಇರುತ್ತದೆ. ನನ್ನದಕ್ಕೆ 6,000. ಮೊದಲು ಟಾಪ್ ಗೇರ್‌ನಲ್ಲಿ ಅದು 71 ಕಿಲೋಮೀಟರ್ ವೇಗದಲ್ಲಿ ಬರುತ್ತಿತ್ತು, ಈಗ 66ರಲ್ಲಿ. ನಡುಕ ಹೊಸದಲ್ಲ, ವಿಳಾಸ ಬದಲಿಸಿದೆ. ಜೊತೆಗೆ ಚಿಕ್ಕ ಸ್ಪ್ರಾಕೆಟ್ ತನ್ನದೇ ಆದ ಸಣ್ಣ ಕುಲುಕನ್ನು ಸೇರಿಸುತ್ತದೆ: ಚೈನ್ ವೃತ್ತದ ಮೇಲಲ್ಲ, ಬಹುಭುಜದ ಮೇಲೆ ಓಡುವುದರಿಂದ ಅದರ ವೇಗ ಹಲ್ಲಿನಿಂದ ಹಲ್ಲಿಗೆ ಏರಿಳಿಯುತ್ತದೆ. 15 ಹಲ್ಲಿಗೆ ಈ ಏರಿಳಿತ ಶೇ 2.2, 14ಕ್ಕೆ 2.5, 13ಕ್ಕೆ 2.9. ಹಿಂದಿನ ಹಬ್ ಒಳಗಿನ ರಬ್ಬರ್ ಡ್ಯಾಂಪರ್‌ಗಳು ಇದನ್ನು ನುಂಗುತ್ತವೆ. ಆಕ್ಸಿಲರೇಟರ್ ಬಿಟ್ಟು ಹಿಡಿದಾಗ ಹಿಂದಿನಿಂದ ಟಕ್ ಎಂದು ಒದ್ದಂತಾದರೆ ಆ ರಬ್ಬರ್‌ಗಳು ಸವೆದಿವೆ. ಬೆಲೆ ಹೆಚ್ಚಿಲ್ಲ, ಚಕ್ರ ಬಿಚ್ಚಿದಾಗಲೇ ಬದಲಿಸಿ.

ಮತ್ತೆ ಅದೇ ಏರು

ಬ್ರೇಕ್ ಸಡಿಲಿಸಿದ ಮೇಲೆ ಹನುಮಂತನಗರದ ಏರನ್ನು ಬೈಕ್ ಎರಡನೇ ಗೇರ್‌ನಲ್ಲಿ, ಇಬ್ಬರನ್ನು ಹೊತ್ತು, ತಲೆಯೆತ್ತಿ ಹತ್ತಿತು. ಆದರೆ ನನಗೊಂದು ಅನುಮಾನ ಉಳಿಯಿತು. 15 ಹಲ್ಲು ಇದ್ದಾಗಲೂ ಬ್ರೇಕ್ ಸ್ವಲ್ಪ ಹಿಡಿದೇ ಇದ್ದಿದ್ದರೆ? ಸ್ಪ್ರಾಕೆಟ್ ಬದಲಿಸುವ ಯೋಚನೆ ಹುಟ್ಟಿದ್ದೇ ಆ ಮಂಕಿನಿಂದ. ಒಂದು ಶನಿವಾರ ಹಳೆಯ 15ನ್ನು ಮತ್ತೆ ಹಾಕಿ, ಚೈನ್ ಹೊಂದಿಸಿ, ಈ ಸಲ ಪೆಡಲ್ ಬಿಡುವನ್ನೂ ಅಳೆದು, ಅದೇ ಏರಿಗೆ ಹೋದೆವು. ಒಬ್ಬನೇ ಇದ್ದಾಗ ಎರಡನೇ ಗೇರ್‌ನಲ್ಲೇ ಪೂರ್ತಿ ಹತ್ತಿತು. ಇಬ್ಬರು ಕುಳಿತಾಗ ಕೊನೆಯ ಮೂವತ್ತು ಮೀಟರ್‌ಗೆ ಮೊದಲನೇ ಗೇರ್ ಬೇಕಾಯಿತು. ನಾನು ಹಲ್ಲಿನದೆಂದು ತಿಳಿದಿದ್ದ ಕೊರತೆಯಲ್ಲಿ ಬಹುಪಾಲು ಬ್ರೇಕಿನದು, ಮೂವತ್ತು ಮೀಟರ್ ಮಾತ್ರ ಹಲ್ಲಿನದು.

ನಾವು ಆ ರಸ್ತೆಯಲ್ಲಿ ಹೆಚ್ಚಾಗಿ ಇಬ್ಬರೇ ಹೋಗುವುದರಿಂದ 14ನ್ನೇ ಮತ್ತೆ ಹಾಕಿದ್ದೇನೆ. ನೈಸ್ ರಸ್ತೆಯಲ್ಲಿ 70ರ ಬದಲು 65ರೊಳಗೆ ಓಡಿಸುತ್ತೇನೆ, ನಡುಕ ತಪ್ಪುತ್ತದೆ. 15 ಹಲ್ಲಿನದನ್ನು ಎಣ್ಣೆ ಸವರಿ ಹಳೆಯ ಪತ್ರಿಕೆಯಲ್ಲಿ ಸುತ್ತಿ ಮೇಜಿನ ಖಾನೆಯಲ್ಲಿಟ್ಟಿದ್ದೇನೆ. ಜೊತೆಗಿರುವ ಚೀಟಿಯಲ್ಲಿ 84, 90 ಎಂಬ ಎರಡು ಸಂಖ್ಯೆಗಳೂ, ಅವುಗಳ ಕೆಳಗೆ ಹೆಂಡತಿಯ ಕೈಬರಹದಲ್ಲಿ "ಮೊದಲು ಬ್ರೇಕ್ ನೋಡುವುದು" ಎಂಬ ಮಾತೂ ಇವೆ.